ಚಾಪೆಯಗಲದ ಮಾಳಿಗೆ

ನಮ್ಮ ಮನೆಯ ಮಾಳಿಗೆಯ ಮೇಲೆ, ಅಡುಗೆಮನೆಗೆ ಸರಿಯಾಗಿ, ಒಂದು ಚಾಪೆ ಹಾಸುವಷ್ಟು ಜಾಗ ನನ್ನದು. ಕೂಡ್ಲಿಗಿ ಸೀಮೆಯ ಮಣ್ಣಿನ ಮಾಳಿಗೆಗಳನ್ನು ನೀವು ಕಂಡಿದ್ದರೆ, ಮಳೆ ಹಿಡಿಯುವ ಮುನ್ನ ಅವುಗಳ ನೆತ್ತಿಗೆ ಸವುಳು ಮಣ್ಣು ಹೊದಿಸಿ, ನೀರು ಚಿಮುಕಿಸಿ, ಬಡಿದು ಗಟ್ಟಿಮಾಡುವ ವರ್ಷ ವರ್ಷದ ಪಾಡನ್ನೂ ಬಲ್ಲಿರಿ. ಆ ಮಣ್ಣಿಗೆ ತುಸು ಸುಣ್ಣ, ತುಸು ಗಣಿಯ ತ್ಯಾಜ್ಯದ ಹುಡಿ ಬೆರೆಸಿ, ಹಲವು ಮಳೆಗಾಲ ತಡೆಯುವ ಹೊದಿಕೆ ಮಾಡಬಹುದೇ ಎಂಬುದು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್.ಡಿ. ವಿಷಯ. ಪ್ರಯೋಗಾಲಯದಲ್ಲಿ ನನ್ನ ಮಿಶ್ರಣ ಹನಿ ನೀರನ್ನೂ ಒಳಗೆ ಬಿಡಲಿಲ್ಲ. ಆದರೆ ಅಲ್ಲಿ ಮಳೆ ಬರುವುದು ನಲ್ಲಿಯಿಂದ. ನಿಜವಾದ ಒಂದು ಮಳೆಗಾಲ ದಾಟಲಿ ಎಂದರು ನನ್ನ ಗೈಡ್. ಹೀಗೆ ಅವ್ವನ ಒಲೆಯ ಮೇಲ್ಗಡೆ, ಮಣ್ಣಿನ ಬದಲು ಮಿಶ್ರಣ ಹೊದಿಸಿದ ಆ ಜಾಗದಲ್ಲಿ, ನನ್ನ ವಿದ್ವತ್ತು ಹಾಸಿಕೊಂಡು ಮಲಗಿತು.

ಸಂಶೋಧಕರ ದಾರಿಯೇ ವಿಚಿತ್ರ ನೋಡಿ: ಎಲ್ಲರೂ ಒಂದೇ ಬಾಗಿಲಲ್ಲಿ ಒಳಹೊಕ್ಕು ತಲೆಗೊಂದು ಕಿಟಕಿಯಿಂದ ಹೊರಬೀಳುತ್ತೇವೆ. ನನ್ನೊಡನೆ ಸೇರಿದ ಹಡಗಲಿಯ ಗೆಳೆಯ ಅರ್ಧಕ್ಕೇ ಬಿಟ್ಟು ಸಿಮೆಂಟ್ ಕಂಪನಿ ಸೇರಿದ. ಕೊಟ್ಟೂರಿನ ಗೆಳತಿ ಪದವಿ ಪಡೆದೂ ಅತಿಥಿ ಉಪನ್ಯಾಸಕಿಯಾಗಿ ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತಿದ್ದಾಳೆ. ನನ್ನ ಪಾಲಿಗೆ ಒಂದು ಆಸೆಯಿತ್ತು. ನಮ್ಮ ವಿಭಾಗದಲ್ಲೇ ಒಂದು ಕಾಯಂ ಹುದ್ದೆ ತೆರವಾಗಿತ್ತು. ಆ ವರ್ಷವೇ ಪ್ರಬಂಧ ಒಪ್ಪಿಸಿದರೆ ಅದಕ್ಕೆ ಅರ್ಜಿ ಹಾಕಬಹುದಿತ್ತು. ಮನೆಯಲ್ಲಿ ಈ ಸುದ್ದಿಯನ್ನು ಅತ್ತಿಗೆಗೆ ಮಾತ್ರ ಹೇಳಿದ್ದೆ. ಅವ್ವನಿಗೆ ಹೇಳಿದರೆ ಅಂದೇ ಊರಿಗೆಲ್ಲ ಸಕ್ಕರೆ ಹಂಚಿಯಾಳು ಎಂಬ ಹೆದರಿಕೆ.

ಮಳೆಗಾಲ ಮುಗಿದ ಮೇಲೆ ಊರಿಗೆ ಹೋದೆ. ಅಡುಗೆಮನೆಯ ಜಂತೆ ಒಣಗಿದಂತೆಯೇ ಇತ್ತು. ಹಿಗ್ಗಿ ಏಣಿ ಹತ್ತಿದರೆ, ಅಯ್ಯೋ ಶಿವನೇ, ಮಾಳಿಗೆಯೆಲ್ಲ ಒಂದೇ ಬಣ್ಣ!

"ನಿನ್ನ ಜಾಗಕ್ಕೂ ಮಳಿಗಿಂತ ಮದ್ಲ ಒಂದೀಟು ಮಣ್ಣು ಹಾಕಿಸಿಬಿಟ್ಟೆ ಯವ್ವಾ" ಎಂದಳು ಅವ್ವ, ಉಪಕಾರ ಮಾಡಿದ ಮುಖದಲ್ಲಿ. "ಮಾಳಿಗಿ ಮ್ಯಾಲೆ ಒಂದು ಕಡಿ ಬೋಳು ಬಿಟ್ರ ಮಂದಿ ಏನಂತಾರ? ಈ ಮನಿ ನೋಡಾರು ಯಾರೂ ಇಲ್ಲೇನು ಅಂತಾರ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ನೀರು ತಡೆದದ್ದು ನನ್ನ ಮಿಶ್ರಣವೋ ಅವ್ವನ ಮಣ್ಣೋ, ಇನ್ನು ಹೇಳುವುದು ಹೇಗೆ? ಅತ್ತಿಗೆ ನಡುವೆ ಬಾಯಿ ಹಾಕಿದಳು: "ಸೋರಿಲ್ಲಲ್ಲ, ಮತ್ಯಾಕ ಅಳ್ತಿ?"

ಅವಳ ಮಾತೇ ನನ್ನನ್ನು ಕಾಡಿದ್ದು. ಸೋರಲಿಲ್ಲ ಎಂದು ಬರೆದರೆ ಸುಳ್ಳಲ್ಲ. ಮೇಲಿನ ಮಣ್ಣಿನ ಮಾತೆತ್ತದಿದ್ದರೆ ಯಾವ ಪರೀಕ್ಷಕ ಬಂದು ನಮ್ಮ ಏಣಿ ಹತ್ತುತ್ತಾನೆ? "ಬರದ್ ಬಿಡಲೇ, ಇಲ್ಲಂದ್ರ ನೌಕ್ರಿ ಹೋಗ್ತೈತಿ" ಎಂದು ಕೊಟ್ಟೂರಿನವಳು ಫೋನಿನಲ್ಲಿ ಗದರಿದಳು. ಬರೆಯಲೂ ಕುಳಿತೆ. ಆದರೆ ಆ ವಾಕ್ಯವನ್ನು ನಂಬಿ ಯಾರೋ ಒಬ್ಬಳು ತನ್ನ ಮಾಳಿಗೆಗೆ ಮಣ್ಣು ಹಾಕಿಸದೆ ಬಿಟ್ಟರೆ, ಸೋರುವುದು ಅವಳ ಮನೆ, ನನ್ನ ಪ್ರಬಂಧವಲ್ಲ. ಗೈಡ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಹಾಗಾದ್ರೆ ಇನ್ನೊಂದು ಮಳೆಗಾಲ" ಎಂದರು. ಹುದ್ದೆ ಬೇರೆಯವರ ಪಾಲಾಯಿತು. ಬೇಸರವಾಗಲಿಲ್ಲ ಎಂದರೆ ನೀವು ನಂಬಬೇಡಿ.

ಈ ವರ್ಷ ಅವ್ವ ನನ್ನ ಜಾಗದ ಮೇಲಿನ ಮಣ್ಣನ್ನು ಕೆರೆಸಿ ತೆಗೆಸಿ, ಅದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮಣ್ಣು ಹಾಕಿಸಿದಳು. ಮೊನ್ನೆ ಮಧ್ಯಾಹ್ನ ಕ್ಯಾಂಟೀನಿನಲ್ಲಿದ್ದಾಗ ಅವಳ ಫೋನು ಬಂತು. ಹಿಂದೆ ಮಳೆಯ ಸದ್ದು.

"ಯವ್ವಾ, ಸೋರಾಕ ಹತ್ತೈತಿ. ಒಲಿ ಮ್ಯಾಲೇ ಬೀಳಾಕತ್ತೈತಿ."

ಇಷ್ಟು ವರ್ಷದ ಓದು ಒಂದೇ ಮಾತಿನಲ್ಲಿ ಕರಗಿತು. ಸೋತೆ ಅನ್ನಿಸಿತು; ಬರೆಯದೆ ಬಿಟ್ಟೆನಲ್ಲ ಎಂದು ಸಮಾಧಾನವೂ ಆಯಿತು.

"ಮಳಿ ನಿಂತ ಮ್ಯಾಲೆ ಮಣ್ಣು ಹಾಕಿಸಿಬಿಡವ್ವಾ" ಎಂದೆ.

"ಇಲ್ಲ. ಎಲ್ಲಿ ಸೋರ್ತೈತಿ, ಯಾಕ ಸೋರ್ತೈತಿ ಅಂತ ನೀ ಬಂದು ನೋಡೋಮಟ ಹಾಕ್ಸಂಗಿಲ್ಲ. ಪಡಸಾಲ್ಯಾಗ ಒಲಿ ಹಚ್ಚೀನಿ" ಎಂದಳು. "ಹೋದ್ ವರ್ಷ ಮಣ್ಣು ಹಾಕಿಸಿ ನಿನ್ನ ನೌಕ್ರಿ ಕಳದೀನಿ. ನನಗ ಗೊತ್ತಿಲ್ಲ ಅಂದ್ಕಂಡಿಯೇನು?"

ತಟ್ಟೆಯನ್ನು ಹಾಗೇ ಬಿಟ್ಟು ಕೂಡ್ಲಿಗಿಯ ಬಸ್ಸು ಹಿಡಿದೆ.