ಸೆವ್ರಿನ್ ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆ

ಸೆವ್ರಿನ್ ಸಿಸ್ಟರ್‌ಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರೂ ಬಗ್ಗಿ ಕೇಳಬೇಕಾಗುತ್ತಿತ್ತು. ಬಗ್ಗಿಸುವುದಕ್ಕೇ ಹಾಗೆ ಮಾಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಎಂಬತ್ತರ ದಶಕದ ಶುರು. ಹಂಪನಕಟ್ಟೆಯಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಅಪ್ಪನ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯಲ್ಲಿ ರಕ್ತ ತೆಳುವಾಗಲೆಂದು ಹೆಪಾರಿನ್ ಕೊಟ್ಟರು. ಏಳನೆಯ ದಿನ ಬಲಗಾಲೂ ನೀಲಿಯಾಯಿತು. ದೊಡ್ಡ ಡಾಕ್ಟರು ಮದ್ದು ಹೆಚ್ಚಿಸಲು ಹೇಳಿದರು.

ಆ ವಾರ್ಡಿನ ನರ್ಸ್ ಸೆವ್ರಿನ್ ಸಿಸ್ಟರ್ ಬೊಂಬಾಯಿಯಲ್ಲಿ ಕೆಲಸ ಮಾಡುವಾಗ ಇಂಥದ್ದನ್ನು ಕಂಡಿದ್ದರು. "ಡಾಕ್ಟ್ರೇ, ಕೆಲವರ ಮೈ ಈ ಮದ್ದಿನ ಮೇಲೆಯೇ ತಿರುಗಿ ಬೀಳ್ತದೆ. ಆಗ ರಕ್ತ ಮತ್ತೂ ಹೆಪ್ಪುಗಟ್ಟುದು. ಪ್ಲೇಟ್‌ಲೆಟ್ ಎಷ್ಟು ಉಂಟು ನೋಡುವನಾ?"

"ಇಲ್ಲಿ ಡಾಕ್ಟರ್ ಯಾರು? ನೀನಾ?"

ಸಿಸ್ಟರ್ ರಕ್ತ ತೆಗೆದು ತಾವೇ ಲ್ಯಾಬಿಗೆ ಒಯ್ದರು. ರಕ್ತ ಹೆಪ್ಪುಗಟ್ಟುವಾಗ ಖರ್ಚಾಗುವ ಕಣ ಈ ಪ್ಲೇಟ್‌ಲೆಟ್; ಅದು ಕಾಲು ಭಾಗಕ್ಕೆ ಇಳಿದಿತ್ತು. ಡಾಕ್ಟರು ಮುಖ ಸಿಂಡರಿಸಿಕೊಂಡು ಹೆಪಾರಿನ್ ನಿಲ್ಲಿಸಿದರು.

ಎರಡು ದಿನವಾದರೂ ಕಾಲಿನ ನೀಲಿ ಇಳಿಯಲಿಲ್ಲ. ಕೈಗೆ ಚುಚ್ಚಿದ ಸೂಜಿ ಕಟ್ಟಿಕೊಳ್ಳದಂತೆ ಆಗಾಗ ಹಾಯಿಸುವ ನೀರಿಗೂ ಒಂದಿಷ್ಟು ಹೆಪಾರಿನ್ ಬೆರೆಸುವುದು ಆ ವಾರ್ಡಿನ ರೂಢಿ. ಅದನ್ನು ನಿಲ್ಲಿಸಿ ಎಂದು ಯಾರೂ ಬರೆದಿರಲಿಲ್ಲ. ಹೊಳೆದ ಕೂಡಲೇ ಸಿಸ್ಟರ್ ಸೀಸೆಯನ್ನು ಬಚ್ಚಲಿಗೆ ಸುರಿದು ನನ್ನೆದುರು ಬಂದು ನಿಂತರು. "ನನ್ನ ಕೈಯಿಂದಲೇ ಹೋಗಿದೆ ಮಾರಾಯ್ತಿ. ನೀನು ನನಗೆ ಬೈಯಿ."

ನಾನು ಬೈಯಲಿಲ್ಲ. ಅಪ್ಪನ ಕಾಲಿನ ಎರಡು ಬೆರಳು ಹೋದವು, ಕಾಲು ಉಳಿಯಿತು. ದೊಡ್ಡ ಡಾಕ್ಟರು ಮಾತ್ರ ಬೆರಳು ಹೋದದ್ದು ಸಕ್ಕರೆ ಕಾಯಿಲೆಯಿಂದ ಎಂದು ಬರೆದರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಆ ಸುಳ್ಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಸಿಸ್ಟರೂ ಕ್ಷಮಿಸಲಿಲ್ಲ. ಹೆಪಾರಿನ್ ಪಡೆಯುವ ಪ್ರತಿ ರೋಗಿಯ ಮಂಚದ ಬಳಿ, ಕಲಿಯುವ ಹುಡುಗರೆಲ್ಲರ ಮುಂದೆ, ಸಣ್ಣ ದನಿಯಲ್ಲಿ ಕೇಳುತ್ತಿದ್ದರು: "ಪ್ಲೇಟ್‌ಲೆಟ್ ಎಷ್ಟು ಉಂಟು, ಡಾಕ್ಟ್ರೇ?" ಡಾಕ್ಟರು ಅವರನ್ನು ಕಣ್ಣಿನ ವಾರ್ಡಿಗೆ ಹಾಕಿಸಿದರು. ಸಿಸ್ಟರ್ ಚಹಾದ ಹೊತ್ತಿಗೆ ಕೆಳಗಿಳಿದು ಬಂದು ಕೇಳಿ ಹೋಗುತ್ತಿದ್ದರು. "ಇನ್ನೂ ಎಂತಕ್ಕೆ ಸಿಸ್ಟರ್?" ಎಂದು ಅಪ್ಪನ ಕಾಲು ತೋರಿಸಲು ಹೋದಾಗ ನಾನು ಕೇಳಿದರೆ, "ಅವರಿಗೆ ನಿದ್ರೆಯಲ್ಲೂ ಇದು ಕೇಳಿಸಬೇಕು" ಎನ್ನುತ್ತಿದ್ದರು. ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಕೆಲವು ವರ್ಷಗಳ ಬಳಿಕ ಸಿಸ್ಟರ್ ಎದೆನೋವಿನಿಂದ ತೀರಿಹೋದರು. ಮಣ್ಣು ಮಾಡುವ ದಿನ ಕುಲಶೇಖರದ ಇಗರ್ಜಿಯ ಅಂಗಳಕ್ಕೆ ದೊಡ್ಡ ಡಾಕ್ಟರೂ ಬಂದಿದ್ದರು. "ಆ ಹೆಪಾರಿನ್ ಕೇಸನ್ನು ನಾವಿಬ್ಬರೂ ಸೇರಿ ಕಂಡುಹಿಡಿದದ್ದು" ಎಂದು ಸುತ್ತಲಿನವರಿಗೆ ಹೇಳುತ್ತಿದ್ದರು. ನನ್ನ ಪಕ್ಕದಲ್ಲಿ ಅಪ್ಪ ಎಂಟು ಬೆರಳುಗಳ ಮೇಲೆ ನಿಂತಿದ್ದರು.

ನಾನು ಹತ್ತಿರ ಹೋಗಿ ದನಿ ಇಳಿಸಿ ಏನೋ ಅಂದೆ. ಡಾಕ್ಟರಿಗೆ ಕೇಳಿಸಲಿಲ್ಲ, ಬಗ್ಗಿದರು.

"ಪ್ಲೇಟ್‌ಲೆಟ್ ಎಷ್ಟು ಉಂಟು, ಡಾಕ್ಟ್ರೇ?"