ಕುಂಕುಮ ಹಚ್ಚಿದ ಲೆಕ್ಕ

ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ದರ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ನಮ್ಮ ಕಡೆ ಟ್ರ್ಯಾಕ್ಟರಿಗೂ ಹಚ್ಚುತ್ತಾರೆ, ಹಿಟ್ಟಿನ ಗಿರಣಿಗೂ ಹಚ್ಚುತ್ತಾರೆ. ತಕರಾರು ಶುರುವಾದದ್ದು, ಕುಂಕುಮ ಹಚ್ಚಿದ ಮೇಲೆ ಅದನ್ನು ಯಾರೂ ಮುಟ್ಟಬಾರದು ಅಂದಾಗ.

ಆಗ ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಮುದ್ದೇಬಿಹಾಳದ ಕಡೆಯಿಂದ ಬಂದು ಇಂಡಿ ಕಡೆಗೆ ಹೋಗುವ ಕಾಲುವೆಯ ನೀರನ್ನು ಊರೂರಿಗೆ ಪಾಳಿಯ ಮೇಲೆ ಹಂಚುವ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದಿದ್ದೆ. ಕಾಲೇಜಿನ ಲೆಕ್ಕ ಹೇಗೆ ಬರುತ್ತದೋ ಹಾಗೆ ನಡೆಯುತ್ತೇವೆ ಎಂದು ನೀರು ಬಳಸುವ ರೈತರ ಸಂಘದವರೆಲ್ಲ ಒಪ್ಪಿದ್ದರು. ಪ್ರೋಗ್ರಾಂ ಓಡಿಸಲು ಕಾಲೇಜಿನಲ್ಲಿ ಒಂದು ಸಮಾರಂಭ ಇಟ್ಟಿದ್ದರು, ಅದರ ಮರುದಿನ ಬೆಳಿಗ್ಗೆ ಕಾಲುವೆಗೆ ನೀರು ಬಿಡುವವರಿದ್ದರು. ಅಷ್ಟರೊಳಗೆ ಹೊಸ ಪಾಳಿ ಕೈಸೇರದಿದ್ದರೆ ಹಳೆಯದೇ ಗತಿ. ಹಳೆಯ ಪಾಳಿಯಲ್ಲಿ ಕಾಲುವೆಯ ತುದಿಯ ಊರುಗಳಿಗೆ ನೀರು ಕೊನೆಗೆ. ಕೊನೆಗೆ ಎಂದರೆ ಬಹಳ ಸಲ ಇಲ್ಲವೇ ಇಲ್ಲ.

ಪ್ರೋಗ್ರಾಂ ಮಾಡುವ ಕೆಲಸ ಸರಳ. ಒಂದು ಹಂಚಿಕೆ ಮಾಡಿ ನೋಡುತ್ತದೆ, ತಪ್ಪಿದ್ದಲ್ಲಿ ತಿದ್ದುತ್ತದೆ, ಮತ್ತೆ ಹಂಚುತ್ತದೆ. ಹಿಂದಿನ ಉತ್ತರಕ್ಕೂ ಹೊಸ ಉತ್ತರಕ್ಕೂ ಒಂದು ಕೊಡ ನೀರಿನಷ್ಟೂ ವ್ಯತ್ಯಾಸ ಉಳಿಯದಿದ್ದರೆ ನಿಲ್ಲು ಎಂದು ನಾನು ಬರೆದಿದ್ದೆ. ಅದನ್ನು ನಮ್ಮ ವಿಭಾಗದ ಮುಖ್ಯಸ್ಥರು ಸಮಾರಂಭದ ದಿನ ಬೆಳಿಗ್ಗೆ ನೋಡಿದರು.

"ಒಂದು ಕೊಡಾ ಅಂದ್ರ ಹಗರ ಆತೇನ್ರಿ ಮೇಡಂ? ಮಂದಿ ಮುಂದ ಮರ್ಯಾದಿ ಪ್ರಶ್ನೆ ಐತಿ. ವ್ಯತ್ಯಾಸ ಸೊನ್ನಿ ಬರಬೇಕು, ಪಕ್ಕಾ ಸೊನ್ನಿ" ಎಂದು ತಾವೇ ಕೂತು ಸೊನ್ನೆ ಹಾಕಿದರು. ಯಂತ್ರ ದಶಾಂಶದ ಕೊನೆಯ ಅಂಕಿಯಲ್ಲಿ ಅತ್ತಿಂದಿತ್ತ ತೂಗಾಡುತ್ತಲೇ ಇರಬಹುದು, ಪಕ್ಕಾ ಸೊನ್ನೆ ಬರುವ ಖಾತ್ರಿಯಿಲ್ಲ ಎಂದು ಹೇಳಿದೆ. ಕೇಳಿಸಿಕೊಳ್ಳುವ ಪುರಸೊತ್ತು ಅವರಿಗಿರಲಿಲ್ಲ. ಹಾರ ತರಲು ಹೋದವನು ಇನ್ನೂ ಬಂದಿರಲಿಲ್ಲ.

ಸಂಘದ ಹಿರಿಯರೊಬ್ಬರು ಬಂದರು. ಮುದ್ದೇಬಿಹಾಳದ ಕಡೆಯವರು, ಕಾಲುವೆಯ ತಲೆಯಲ್ಲೇ ಹೊಲ. ಕಾಯಿ ಒಡೆದು, ಪರದೆಗೂ ಕೀಲಿಮಣೆಗೂ ಕುಂಕುಮ ಹಚ್ಚಿ, ಒಂದೇ ಬೆರಳಿನಿಂದ ಗುಂಡಿ ಒತ್ತಿದರು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಉಪ್ಪಿಟ್ಟು ತಿಂದರು, ಭಾಷಣ ಮಾಡಿದರು. ಅಂಕಿಗಳು ಓಡುತ್ತಲೇ ಇದ್ದವು. ನಾನು ನೋಡುತ್ತಿದ್ದೆ: ಕೊನೆಯ ಅಂಕಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗಿತ್ತು ನನ್ನ ಪ್ರೋಗ್ರಾಮಿನ ಪಾಡು.

ಮಧ್ಯಾಹ್ನ ದಾಟಿತು. ನಿಲ್ಲಿಸೋಣ ಎಂದೆ. ಹಿರಿಯರು ಕೈ ಅಡ್ಡ ಹಿಡಿದರು.

"ಓಡಲಿ ಬಿಡ್ರಿ. ದೊಡ್ಡ ಲೆಕ್ಕ, ಹೊತ್ತು ಹಿಡೀತೈತಿ. ರಾಶಿ ಅಳೆಯುವಾಗ ನಡುವ ಕೈ ಹಾಕಬಾರದು."

ಇದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದವಳು. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ನಡುವೆ ನಿಲ್ಲಿಸಿದರೆ ಹುಲುಸು ಹೋಗುತ್ತದೆ ಎನ್ನುತ್ತಾರೆ. ಸಣ್ಣವಳಿದ್ದಾಗ ಅಂಥ ಹೊತ್ತಿನಲ್ಲಿ ನೀರಡಿಕೆ ಎಂದು ಬಾಯಿಬಿಟ್ಟಿದ್ದಕ್ಕೆ ಮನೆಮಂದಿಯೆಲ್ಲ ನನ್ನನ್ನು ಗದರಿದ್ದರು. ರಾಶಿಗೆ ಆ ಮಾತು ಒಪ್ಪೋಣ, ಅಳೆಯುತ್ತ ಹೋದರೆ ರಾಶಿ ಕರಗುತ್ತದೆ. ಇಲ್ಲಿ ಕರಗುತ್ತಿದ್ದದ್ದು ಹೊತ್ತು ಮಾತ್ರ. ಆದರೂ ಓದಿದವರೆಲ್ಲ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ನನಗೆ ಮೈ ಉರಿಯಿತು.

ಬಾಗಿಲ ಬಳಿ ಇಂಡಿ ಕಡೆಯ ಒಬ್ಬ ತಾಯಿ ಬೆಳಗಿನಿಂದ ಕೂತಿದ್ದರು. ಕಾಲುವೆಯ ತುದಿಯ ಊರಿನವರು, ಲಿಂಬೆ ತೋಟದವರು. ಪಾಳಿಯ ಹಾಳೆ ಒಯ್ದು ಊರಿನವರಿಗೆ ಮುಟ್ಟಿಸಲು ಬಂದಿದ್ದರು. ಎದ್ದು ಬಂದು ಮೆಲ್ಲಗೆ ಕೇಳಿದರು.

"ಅಕ್ಕೋರ, ಇದು ಯಾವಾಗ ಮುಗೀತೈತ್ರಿ? ಗಿಡ ಹೂವಿಗೆ ಬಂದಾವು. ಈಗ ನೀರು ತಪ್ಪಿದ್ರ ಹೂವೆಲ್ಲಾ ಉದುರ್ತಾವು. ಬಸ್ಸಿನ ಹೊತ್ತೂ ಆತು."

"ಇದು ಮುಗಿಯೂದಿಲ್ರಿ ಯವ್ವಾ" ಎಂದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಎಂದೆ.

ಕುರ್ಚಿ ಎಳೆದುಕೊಂಡು ಕೂತೆ. ಮುಖ್ಯಸ್ಥರು ಓಡಿಬಂದರು.

"ಮೇಡಂ, ಕೈ ತಗೀರಿ! ಮುಂಜಾನಿಂದ ಮಾಡಿದ್ದೆಲ್ಲಾ ಹೋಗತೈತಿ!"

"ಹೋಗಾಕ ಏನರ ಬಂದಿರಬೇಕಲ್ರಿ ಸರ್?"

ಕಂಟ್ರೋಲ್ ಮೇಲೊಂದು ಬೆರಳು, ಸಿ ಮೇಲೊಂದು ಬೆರಳು. ಒತ್ತಿದೆ. ಓಡುತ್ತಿದ್ದ ಅಂಕಿಗಳು ಗಕ್ಕನೆ ನಿಂತವು. ಬೆರಳಿಗೆ ಕುಂಕುಮ ಹತ್ತಿತು. ಅಪಶಕುನ ಎಂದು ಹಿಂದಿನಿಂದ ಯಾರೋ ಅಂದರು. ಅನ್ನಲಿ. ಬರೆದವಳು ನಾನು, ಓಡಿಸುವುದು ಹೇಗೆ ಗೊತ್ತೋ ನಿಲ್ಲಿಸುವುದೂ ಹಾಗೆಯೇ ಗೊತ್ತು. ನನ್ನದೇ ಕೆಲಸವನ್ನು ನಿಲ್ಲಿಸಲು ನಾನು ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ.

ಸೊನ್ನೆ ಅಳಿಸಿ ನನ್ನ ಒಂದು ಕೊಡವನ್ನು ಮರಳಿ ಹಾಕಿದೆ. ಈ ಸಲ ಕಾಯಿಯಿಲ್ಲ, ಚಪ್ಪಾಳೆಯಿಲ್ಲ. ಮುಖ್ಯಸ್ಥರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಲೆಕ್ಕ ಮುಗಿದು ಹಾಳೆ ಹೊರಬಂತು. ಒಂದು ಪ್ರತಿ ಆ ತಾಯಿಗೆ, ಒಂದು ಹಿರಿಯರಿಗೆ ಕೊಟ್ಟೆ.

ಹಿರಿಯರು ಕನ್ನಡಕ ಏರಿಸಿ ಓದಿದರು. ಇಷ್ಟು ವರ್ಷ ನೀರು ತಪ್ಪಿದವರಿಗೆ ಮೊದಲು ಎಂದು ಲೆಕ್ಕ ಹೇಳಿತ್ತು: ಮೊದಲ ಪಾಳಿ ಕಾಲುವೆಯ ತುದಿಯ ಊರುಗಳಿಗೆ, ಕೊನೆಯ ಪಾಳಿ ತಲೆಯಲ್ಲಿದ್ದವರಿಗೆ. ಅವರ ಮುಖ ಬಿಗಿಯಿತು.

"ಇದರಾಗ ಏನೋ ತಪ್ಪೈತಿ. ನಡುವ ನಿಲ್ಲಿಸಿದ್ದಕ್ಕ ಹಿಂಗ ಬಂದೈತಿ. ಇದನ್ನ ಬಿಟ್ಟು ಮುಂಜಾನಿಂದು ಮತ್ತೊಮ್ಮೆ ಹಚ್ಚರಿ."

ಮುಖ್ಯಸ್ಥರ ಕೈ ಮುಂದೆ ಬಂತು. ನಾನು ಕೀಲಿಮಣೆಯ ಮೇಲೆ ಅಂಗೈ ಊರಿದೆ.

"ಹಚ್ಚಂಗಿಲ್ರಿ. ಅದು ಮುಗಿಯೂದಿಲ್ಲಂತ ನಿಲ್ಲಿಸೇನಿ. ಇದು ಮುಗದೈತಿ. ಮುಗದ ಲೆಕ್ಕಾ ನಿಲ್ಲಸಾಕ ಯಾವ ಗುಂಡಿನೂ ಇಲ್ರಿ."

ಹಿರಿಯರು ತಿರುಗಿ ಬಾಗಿಲ ಕಡೆ ನೋಡಿದರು. ಆ ತಾಯಿ ಆಗಲೇ ಹಾಳೆಯನ್ನು ಸೆರಗಿಗೆ ಕಟ್ಟಿಕೊಂಡು ಇಂಡಿ ಬಸ್ಸು ಹಿಡಿಯಲು ಹೋಗಿಬಿಟ್ಟಿದ್ದರು.