ಮೇಲಿನ ಮೂರು ಸ್ವರ

ಬದಲಿಗೆ ಕಳಿಸಿದ ಒಕರಿನಾ ಕೂಡ ಮೇಲಿನ ಮೂರು ಸ್ವರಕ್ಕೆ ಮೂಕವಾಗಿಯೇ ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೆದರಿಕೆ ಬಂದದ್ದು ಆಮೇಲೆ, ಅದೇ ದಿನ, ಅಡುಗೆಮನೆಯಲ್ಲಿ. ಅದು ಇನ್ನೂ ಹೋಗಿಲ್ಲ.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಮಷಿನ್ ಆಪರೇಟರ್. ಇಪ್ಪತ್ತೆರಡು ವರ್ಷವಾಯಿತು. ಆ ಸದ್ದಿನಲ್ಲಿ ಹೊಸಬರಿಗೆ ಪಕ್ಕದವರು ಕೂಗಿದ್ದೂ ಕೇಳುವುದಿಲ್ಲ. ನನಗೆ ಮಾತ್ರ ಒಂದೊಂದು ಯಂತ್ರದ ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆಂದು ಹೆಸರಿತ್ತು. ಭತ್ತ ಮೇಲೆತ್ತುವ ಎಲಿವೇಟರಿನ ಬೇರಿಂಗಿನಲ್ಲಿ ಗ್ರೀಸು ಒಣಗಿದರೆ, ಅದು ಕಾಯುವ ಮೊದಲು ಸಣ್ಣಗೆ ಕಿರುಗುಟ್ಟುತ್ತದೆ. ಆ ದನಿ ಹಿಡಿದು ಮಷಿನ್ ನಿಲ್ಲಿಸುವುದು ನನ್ನ ಕೆಲಸ. ತಡವಾದರೆ ಬೇರಿಂಗ್ ಕೆಂಡವಾಗಿ ಹೊಟ್ಟಿನ ಧೂಳಿಗೆ ಬೆಂಕಿ ಹತ್ತಬಹುದು. ಮಾಲೀಕರು ಬಂದವರ ಮುಂದೆಲ್ಲ, "ಇವರ ಕಿವಿ ಇರೋತನಕ ನಮಗೇನೂ ಚಿಂತಿಲ್ರಿ" ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಏನೂ ಕೇಳಿಸದವನಂತೆ ನಿಲ್ಲುತ್ತಿದ್ದೆ. ಒಳಗೊಳಗೆ ಉಬ್ಬುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಒಕರಿನಾ ಅಂದರೆ ಸುಟ್ಟ ಮಣ್ಣಿನ ಊದುವ ವಾದ್ಯ. ಒಳಗೆ ಪೊಳ್ಳು, ಮೈಮೇಲೆ ಹತ್ತು ಹನ್ನೆರಡು ತೂತು, ಒಂದು ಪಕ್ಕಕ್ಕೆ ಬಾಯಿ. ನೋಡಲು ಥೇಟ್ ಗೆಣಸು. ನನ್ನ ಹೆಂಡತಿ ಅದನ್ನು ಗೆಣಸು ಅಂತಲೇ ಕರೆಯುತ್ತಾಳೆ. ಅದಕ್ಕೆ ಮೊದಲು ಮೂರು ತಿಂಗಳು ಬಿದಿರಿನ ಕೊಳಲು ಊದಿ ಬರೀ ಗಾಳಿ ಹೊರಡಿಸಿದ್ದೆ. ಒಕರಿನಾ ಹಾಗಲ್ಲ, ಮೊದಲ ಉಸಿರಿಗೇ ನುಡಿಯಿತು. ಆದರೆ ನುಡಿಯುವುದು ಬೇರೆ, ಸರಿಯಾಗಿ ನುಡಿಯುವುದು ಬೇರೆ. ಉಸಿರು ಕೊಂಚ ಜೋರಾದರೆ ಸ್ವರ ಏರುತ್ತದೆ, ಮೆತ್ತಗಾದರೆ ಕುಸಿಯುತ್ತದೆ. ಕೆಳಗಿನ ಸ್ವರಕ್ಕೆ ಬಿಸಿ ಚಹಾ ಆರಿಸುವಷ್ಟೇ ಊದಬೇಕು. ನನ್ನಂಥ ಮುಂಗೋಪಿಗೆ ಅಷ್ಟು ಮೆಲ್ಲಗೆ ಉಸಿರು ಬಿಡುವುದನ್ನು ಕಲಿಸಿದ್ದು ಈ ಲೋಕದಲ್ಲಿ ಅದೊಂದೇ. ಮಧ್ಯಾಹ್ನ ಬುತ್ತಿ ಉಂಡು, ಹೊಟ್ಟಿನ ಗುಡ್ಡೆಯ ಹಿಂದೆ ಬೇವಿನ ಗಿಡದಡಿ ಕೂತು ಅರ್ಧ ತಾಸು ಊದುತ್ತಿದ್ದೆ. ಸಿದ್ದಾಪುರದ ಕಡೆಯಿಂದ ಭತ್ತ ತಂದ ಲಾರಿ ಡ್ರೈವರುಗಳು ಬೀಡಿ ಹಿಡಿದು ಬಂದು ಕೂರುತ್ತಿದ್ದರು. ಒಬ್ಬರೂ ಛಲೋ ಐತಿ ಅಂದವರಲ್ಲ, ಎದ್ದುಹೋದವರೂ ಅಲ್ಲ.

ಒಂದೂವರೆ ವರ್ಷ ನನ್ನಲ್ಲಿದ್ದ ಅದೇ ನಡುಗಾತ್ರದ್ದನ್ನು ಊದಿದ ಮೇಲೆ ಇನ್ನೊಂದರ ಆಸೆ ಹತ್ತಿತು. ಆರಿಸುವುದರಲ್ಲೇ ಅರ್ಧ ಸುಖ. ದೊಡ್ಡದರ ದನಿ ಗಂಭೀರ, ಆದರೆ ನನ್ನ ಮೋಟು ಬೆರಳಿಗೆ ಅದರ ತೂತುಗಳು ನಿಲುಕುವಂತಿರಲಿಲ್ಲ. ಮಿರಮಿರ ಹೊಳಪು ಹಚ್ಚಿದ್ದು ಬೆವರುಗೈಯಿಂದ ಜಾರುತ್ತದೆ. ಪ್ಲಾಸ್ಟಿಕ್ಕಿನದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹತ್ತು ದಿನ ಅಳೆದು ಸುರಿದು ಕಡೆಗೆ ಅಂಗಿಯ ಜೇಬಿನಲ್ಲಿ ಕೂರುವಂಥ, ಎಲ್ಲಕ್ಕಿಂತ ಸಣ್ಣದನ್ನು ಆರಿಸಿದೆ. ಸಣ್ಣದಾದಷ್ಟೂ ದನಿ ಮೇಲೇರುತ್ತದೆ, ಹಕ್ಕಿಯ ಹಾಗೆ ಕೂಗುತ್ತದೆ ಎಂದು ಮಾರುವವರು ಮೊಬೈಲಿನಲ್ಲಿ ಬರೆದಿದ್ದರು.

ಪಾರ್ಸಲ್ ಬಂತು. ಕೆಳಗಿನ ಸ್ವರಗಳು ಚೊಕ್ಕವಾಗಿದ್ದವು. ಮೇಲೇರುತ್ತ ಹೋದಂತೆ ಕಡೆಯ ಮೂರು ತೂತಿಗೆ ಬರೀ ಹುಸ್ ಎಂಬ ಗಾಳಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮಾರಿದವರಿಗೆ ಉದ್ದದ ಪತ್ರ ಬರೆದೆ, ಇಂಥ ಮಾಲನ್ನು ಸಂಗೀತ ತಿಳಿಯದವರಿಗೆ ಕೊಡಿ, ನನಗೆ ಕೊಡಬೇಡಿ ಎಂದು. ಅವರು ಮರುಮಾತಾಡದೆ ಬೇರೆಯದನ್ನು ಕಳಿಸಿದರು. ಅದಕ್ಕೂ ಅದೇ ಮೂರು ಸ್ವರ ಇಲ್ಲ.

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವಳೆದುರು ನಿಂತು ಮಾರಿದವರನ್ನೂ ಅದನ್ನು ಮಾಡಿದ ಕುಂಬಾರರನ್ನೂ ಕೂಡಿಸಿ ಬೈದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತ" ಅಂದಳು.

"ಬರೀ ಗಾಳಿ ಐತಿ, ಕೇಳಿಲ್ಲಿ" ಎಂದು ಕಡೆಯ ತೂತು ಬಿಟ್ಟು ಊದಿದೆ.

ಅವಳು ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡಳು. "ಸಾಕು ಬಿಡ್ರಿ, ಕಿವ್ಯಾಗ ದಬ್ಬಣ ಹಾಕಿದಂಗಾತು."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಗೋಡೆಯ ಕಡೆ ತಿರುಗಿ ಕೂರು, ಸ್ವರ ಕೇಳಿದಾಗ ಕೈ ಎತ್ತು ಅಂದೆ. ಕೂತಳು. ಒಮ್ಮೆ ಮೇಲಿನ ಸ್ವರ ಊದಿದೆ, ಒಮ್ಮೆ ಬಾಯಿಂದ ಸುಮ್ಮನೆ ಗಾಳಿ ಬಿಟ್ಟೆ, ಮತ್ತೆ ಸ್ವರ. ಹತ್ತು ಸಲ ಮಾಡಿದೆ. ಗಾಳಿಗೆ ಒಮ್ಮೆಯೂ ಎತ್ತಲಿಲ್ಲ, ಸ್ವರಕ್ಕೆ ಒಮ್ಮೆಯೂ ತಪ್ಪಲಿಲ್ಲ. ಹಿಟ್ಟು ಮೆತ್ತಿದ ಆ ಕೈ ಮೇಲೇಳುತ್ತಿತ್ತು, ನನ್ನ ಕಿವಿಯಲ್ಲಿ ಏನೂ ಇರಲಿಲ್ಲ.

"ಹೌದು, ಊದೋದು ತಪ್ಪಿತ್ತು, ಈಗ ಸರಿಯಾತು" ಅಂದು ಹೊರಗೆ ಬಂದೆ.

ಅಲ್ಲಿಂದ ನಾನು ಕಳ್ಳನಾದೆ. ಯಾರಿಗೂ ಕಾಣದಂತೆ ನನ್ನನ್ನೇ ಪರೀಕ್ಷೆ ಮಾಡಿಕೊಳ್ಳತೊಡಗಿದೆ. ಕುಕ್ಕರಿನ ಸೀಟಿ ಕೇಳುತ್ತದೆ. ಬಸ್ಸಿನ ಹಾರ್ನು ಕೇಳುತ್ತದೆ. ಹೆಂಡತಿಯ ಬಳೆ? ಕೇಳಿದಂತೆಯೂ ಇತ್ತು, ನೆನಪಿನಿಂದ ನಾನೇ ಕೇಳಿಸಿಕೊಂಡಂತೆಯೂ ಇತ್ತು. ಮಗಳಿಗೆ ಜ್ವರ ಬಂದ ದಿನ ಬಗಲಲ್ಲಿ ಥರ್ಮಾಮೀಟರ್ ಇಟ್ಟು, ಅದು ಕೂಗಲೆಂದು ಕಾದೇ ಕಾದೆ. "ಅಪ್ಪಾ, ಅದು ಆವಾಗ್ಲೇ ಕೂಗೇತಲ್ಲ" ಅಂದಳು. ಸೆಲ್ ವೀಕಾಗೈತಿ ಎಂದು ಏನೋ ಹೇಳಿ ಜಾರಿಕೊಂಡೆ. ಯಾರು ಹಿಂದಿನಿಂದ ಕರೆದರೂ ಎರಡು ಸಲ ಕರೆದಿರಬಹುದೇ ಎಂದು ಮುಖ ನೋಡುತ್ತಿದ್ದೆ. ಒಕರಿನಾ ಊದುವುದು ಬಿಟ್ಟೆ. ಹಳೆಯದು ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಇವತ್ತು ಕೇಳಿದ ಸ್ವರ ನಾಳೆ ಇಲ್ಲದಿದ್ದರೆ ಎಂಬ ಭಯಕ್ಕೆ ಅದನ್ನು ಮುಟ್ಟಲು ಕೈ ಬರಲಿಲ್ಲ.

ಗಿರಣಿಯಲ್ಲಿ ಹೆದರಿಕೆ ಇನ್ನೂ ಜಾಸ್ತಿ. ಕಿವಿಯ ಮೇಲಿನ ನಂಬಿಕೆ ಹೋದ ಮೇಲೆ ಕೈಯಿಂದ ಮುಟ್ಟಿ ಮುಟ್ಟಿ ಬೇರಿಂಗು ನೋಡುತ್ತಿದ್ದೆ, ದಿನಕ್ಕೆ ನಾಲ್ಕು ಸಲ ಏಣಿ ಹತ್ತುತ್ತಿದ್ದೆ. "ಯಾಕ್ರಿ, ಕಿವಿ ಸಾಲವಲ್ದೇನು?" ಎಂದು ಹಮಾಲನೊಬ್ಬ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ನಿನ್ನ ಕೆಲಸ ನೀನು ನೋಡು ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಸುಮ್ಮನೆ ಅಂದಿದ್ದ.

ಒಂದು ಮುಂಜಾನೆ ನೆಲ ಗುಡಿಸುವ ಹೆಂಗಸು ಪೊರಕೆ ಹಿಡಿದು ನನ್ನ ಹತ್ತಿರ ಬಂದಳು. ಎಲಿವೇಟರಿನ ಬುಡದಲ್ಲಿ ಅವಳೂ ಇನ್ನಿಬ್ಬರೂ ಕೂತು ನುಚ್ಚು ಕೇರುತ್ತಾರೆ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ಅಣ್ಣಾರ, ಆಗಳಿಂದ ಮ್ಯಾಲೆ ಏನೋ ಕಿರಗುಟ್ಟಾಕತ್ತೈತಿ. ನಿಮಗ ಕೇಳಿಸಿರಬೇಕು, ಅಂದ್ರೂ ಹೇಳಿದೆ."

"ಕೇಳೈತಿ, ಹೊಂಟಿದ್ದೆ" ಅಂದೆ.

ನನಗೆ ಏನೂ ಕೇಳಿರಲಿಲ್ಲ. ಹತ್ತು ನಿಮಿಷದ ಹಿಂದೆಯಷ್ಟೇ ಅದರ ಕೆಳಗೆ ನಿಂತು, ಎಲ್ಲ ಸರಿ ಇದೆ ಎಂದುಕೊಂಡು ಬಂದಿದ್ದೆ. ಮಷಿನ್ ನಿಲ್ಲಿಸಿ ಏಣಿ ಹತ್ತಿದೆ. ಬೇರಿಂಗಿನ ಮೇಲೆ ಕೈಯಿಡಲಾಗಲಿಲ್ಲ. ಸುತ್ತ ಕೂತಿದ್ದ ಹೊಟ್ಟಿನ ಧೂಳು ಕರ್ರಗಾಗಿ ಸುಟ್ಟ ವಾಸನೆ ಬರುತ್ತಿತ್ತು. ಕೆಳಗೆ ನೋಡಿದೆ. ಮೂವರೂ ತಲೆ ಬಗ್ಗಿಸಿ ಕೇರುತ್ತಿದ್ದರು.

ಮಧ್ಯಾಹ್ನವೇ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಗಾಬರಿಯಾಗಲಿಲ್ಲ.

"ಗ್ವಾಡಿ ಕಡೆ ಮಾರಿ ಮಾಡಿ ಕುಂದ್ರಿಸಿದ ದಿನಾನ ನನಗ ಗೊತ್ತಾಗಿತ್ತು. ನೀವಾಗೇ ಹೇಳ್ತೀರಿ ಅಂತ ಸುಮ್ಮಕಿದ್ದೆ. ಬಾಯಿ ಬಿಡಾಕ ಇಷ್ಟ್ ದಿನ ಬೇಕಾತೇನು?" ಅಂದಳು. ಆಮೇಲೆ ಕಣ್ಣೊರೆಸಿಕೊಂಡಳು.

ಮರುದಿನ ಇಬ್ಬರೂ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋದೆವು. ಅಲ್ಲಿ ಕಿವಿ ಪರೀಕ್ಷೆ ಮಾಡುವ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ದನಿ ಎಷ್ಟು ಸಣ್ಣಗೆ ಕೇಳಿದರೂ ಒತ್ತಬೇಕು. ಗಾಜಿನ ಆಚೆ ಪರೀಕ್ಷೆ ಮಾಡುವ ಹುಡುಗಿ, ಅವಳ ಹಿಂದೆ ನನ್ನ ಹೆಂಡತಿ. ಬಾಗಿಲು ಮುಚ್ಚಿತು. ಅಂಥ ಮೌನದಲ್ಲಿ ನಾನು ಯಾವತ್ತೂ ಕೂತವನಲ್ಲ. ಹುಡುಗಿ ಯಂತ್ರದ ಮೇಲೆ ಕೈಯಿಟ್ಟಳು. ಈ ಪರೀಕ್ಷೆಯ ಕಾಗದ ಮಾಲೀಕರ ಕೈಗೆ ಹೋಗುತ್ತದೆ, ಇಪ್ಪತ್ತೆರಡು ವರ್ಷದ ಹೆಸರು ಇಲ್ಲಿಗೆ ಮುಗಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಗುಂಡಿ ಒತ್ತಿದೆ. ಸ್ವಲ್ಪ ಬಿಟ್ಟು ಮತ್ತೆ ಒತ್ತಿದೆ. ಇನ್ನೊಮ್ಮೆ.

ಹುಡುಗಿ ಎದ್ದು ಬಂದು ಬಾಗಿಲು ತೆರೆದಳು.

"ಸರ್, ನಾ ಇನ್ನೂ ಶಬ್ದಾನ ಹಾಕಿಲ್ರಿ" ಅಂದಳು. ದನಿಯಲ್ಲಿ ಗದರಿಕೆ ಇರಲಿಲ್ಲ. "ಹೆದರಬ್ಯಾಡ್ರಿ. ಕೇಳಿದಾಗಷ್ಟ ಒತ್ರಿ."

ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಮತ್ತೆ ಬಾಗಿಲು ಮುಚ್ಚಿತು. ಮೊದಲು ದಪ್ಪ ದನಿಗಳು ಬಂದವು, ಒತ್ತಿದೆ. ಸ್ವಲ್ಪ ಸಣ್ಣವು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಗಾಜಿನಾಚೆ ಹುಡುಗಿಯ ಬೆರಳು ಶಬ್ದ ಏರಿಸುವ ತಿರುಪನ್ನು ತಿರುಗಿಸಿತು, ಇನ್ನೂ ತಿರುಗಿಸಿತು, ನನ್ನ ಕಡೆ ನೋಡಿ ಮತ್ತೂ ತಿರುಗಿಸಿತು. ಹೆಂಡತಿ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ನಾನು ಒತ್ತಲಿಲ್ಲ.